ಒಳಗಿನ ಮಷೀನಿನಲ್ಲಿ ನಿಂತುಹೋದ ಕೌಂಟರ್‌ಗಳು

ಗಿರಾಕಿ ಕಂಪನಿಯ ಮೇಲ್ ಬಂದದ್ದು ಜೂನ್ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಹತ್ತೂಕಾಲಕ್ಕೆ. ಏಳು ಸಾಲು ಇತ್ತು. ನಾವು ಕಳಿಸಿದ್ದ ನಲವತ್ತೊಂದು ಅಳತೆಗಳಲ್ಲಿ ಮೂರನ್ನು ನಂಬಲಾಗದು; ಅವು ಯಂತ್ರ ಕೊಟ್ಟ ಅಂಕಿಗಳಲ್ಲ, ಕೈಯಿಂದ ತಿದ್ದಿದವು ಎಂದು ಕಾಣುತ್ತದೆ; ಸರಿಯಾದ ವಿವರಣೆ ಬರುವ ತನಕ ಅಳತೆ ಮಾಡಿದವರ ಲಾಗಿನ್ ನಿಲ್ಲಿಸಲಾಗಿದೆ. ಕೊನೆಯ ಸಾಲಿನಲ್ಲಿ ನಮ್ಮ ಅಳತೆಗಾರ್ತಿಯ ಹೆಸರಿತ್ತು.

ಆಕೆ ನನ್ನ ಎದುರಿನ ಮೇಜಿನಲ್ಲೇ ಕೂತಿದ್ದಳು. ಪಾಸ್‌ವರ್ಡ್ ತಗೊಳ್ಳುತ್ತಿಲ್ಲ ಎಂದು ಎರಡು ಸಲ ಹೇಳಿದ್ದಳು. ಮೂರನೆಯ ಸಲ ಹೇಳುವಷ್ಟರಲ್ಲಿ ನಾನು ಮೇಲ್ ಓದಿ ಮುಗಿಸಿದ್ದೆ. ಪರದೆಯನ್ನು ಆಕೆಯ ಕಡೆಗೆ ತಿರುಗಿಸಿದೆ.

ನಮ್ಮ ಕಚೇರಿ ಕೊಟ್ಟೂರಿನಲ್ಲಿ, ಪಂಪ್‌ಸೆಟ್ ಮತ್ತು ಪೈಪ್ ಮಾರುವ ಅಂಗಡಿಯ ಮಹಡಿಯ ಮೇಲಿತ್ತು. ಕೆಳಗಿನ ಅಂಗಡಿಗೂ ಮೇಲಿನ ಕಚೇರಿಗೂ ಮಾಲೀಕರು ಒಬ್ಬರೇ. ಮೂರು ತಲೆಮಾರಿನ ವ್ಯಾಪಾರದ ಮನೆತನ. ಸಾಫ್ಟ್‌ವೇರ್ ಅವರ ಮಟ್ಟಿಗೆ ಇನ್ನೊಂದು ಸರಕು. ಮೇಲೆ ನಾವು ಮೂವರು. ನಾನು ಕೋಡ್ ಬರೆಯುತ್ತಿದ್ದೆ, ಆಕೆ ಅಳತೆ ಮಾಡುತ್ತಿದ್ದಳು, ಕೂಡ್ಲಿಗಿ ಕಡೆಯ ಹಿರಿಯರೊಬ್ಬರು ಸರ್ವರ್, ಇನ್ವರ್ಟರ್, ವೈರಿಂಗ್ ನೋಡಿಕೊಳ್ಳುತ್ತಿದ್ದರು. ಅವರನ್ನು ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದೆವು. ಆಕೆಯ ಊರು ಹಡಗಲಿ ತಾಲ್ಲೂಕಿನ ಹೊಳಲು. ಮನೆಯವರು ಕುರಿ ಸಾಕುತ್ತಾರೆ. ಹಗರಿಬೊಮ್ಮನಹಳ್ಳಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದಳು.

ಮಾಲೀಕರು ಮೇಲೆ ಬಂದರು. ನಿಂತುಕೊಂಡೇ ಮೇಲ್ ಓದಿದರು.

"ಏನವ್ವಾ, ಅಂಕಿ ತಿದ್ದೀಯೇನು?"

"ಇಲ್ರಿ ಅಣ್ಣಾರ. ಮಷೀನ್ ಏನು ಕೊಟ್ಟೈತಿ ಅದನ್ನ ಬರದೀನಿ."

"ಮಷೀನ್ ಸುಳ್ಳು ಹೇಳತೈತೇನು? ಕುರಿ ಎಣಿಸಿದಂಗ ಎಣಿಸಿದ್ರ ಹಿಂಗ ಆಗತೈತಿ."

"ಕುರಿ ಎಣಿಕಿ ಒಂದು ತಪ್ಪಿದ್ರ ನಮ್ಮಪ್ಪ ಅವತ್ತು ಮನಿಗೆ ಬರಾಂಗಿಲ್ರಿ. ಹುಡುಕ್ಕೊಂಡ ಬರ್ತಾನ."

ಕಾಕಾ ಮುಖ ಆಚೆ ತಿರುಗಿಸಿ ನಕ್ಕರು. ಮಾಲೀಕರು ನಗಲಿಲ್ಲ. ಗಿರಾಕಿಯ ಜೊತೆ ವಾದ ಮಾಡುವುದು ಅವರ ವ್ಯಾಪಾರದ ಪದ್ಧತಿಯಲ್ಲ. ಕೆಲವು ದಿನ ಮನೆಯಲ್ಲಿರು, ತಿಳಿಯಾದ ಮೇಲೆ ಕರೆಯುತ್ತೇನೆ ಎಂದು ಹೇಳಿ ಇಳಿದುಹೋದರು. ಆಕೆ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತ ನನ್ನನ್ನು ಕೇಳಿದಳು.

"ಅಕ್ಕಾರ, ನೀವೇನಂತೀರಿ?"

ನೋಡಿ ಹೇಳುತ್ತೇನೆ ಎಂದೆ. ಖಚಿತವಾಗದ್ದನ್ನು ಹೇಳುವ ರೂಢಿ ನನಗಿರಲಿಲ್ಲ. ಆಕೆ ತಲೆಯಾಡಿಸಿ ಹೋದಳು.

ಆಕೆ ಕಳೆದುಕೊಳ್ಳುವುದು ಈ ಮೇಜೊಂದನ್ನೇ ಆಗಿರಲಿಲ್ಲ. ಗಿರಾಕಿ ಕಂಪನಿ ತನ್ನ ಸ್ವಂತ ಸಿಬ್ಬಂದಿಗೆ ಇಬ್ಬರು ಅಳತೆಗಾರರನ್ನು ತೆಗೆದುಕೊಳ್ಳುವುದರಲ್ಲಿತ್ತು. ಊರಲ್ಲೇ ಕೂತು ಮಾಡಬಹುದಾದ ಕೆಲಸ. ಆಕೆಯ ಹೆಸರು ಪಟ್ಟಿಯಲ್ಲಿತ್ತು, ಎರಡು ಸಂದರ್ಶನಗಳು ಮುಗಿದಿದ್ದವು. ಪಟ್ಟಿ ಅಂತಿಮವಾಗುವುದು ಮುಂದಿನ ವಾರದ ಶನಿವಾರ. ಅಷ್ಟರೊಳಗೆ ಈ ಮಾತು ಅಳಿಸದಿದ್ದರೆ ಆ ಕೆಲಸ ಹೋಗುತ್ತಿತ್ತು. ಅಂಕಿ ತಿದ್ದಿದವಳು ಎಂಬ ದಾಖಲೆ ಉಳಿದರೆ ಈ ಕಸುಬಿನಲ್ಲಿ ಬೇರೆ ಕೆಲಸವೂ ಸಿಗುತ್ತಿರಲಿಲ್ಲ. ನಮಗೆ ಸಿಕ್ಕಿದ್ದು ಹತ್ತು ದಿನ.

ನಾವು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಒಂದು ನಿಜವಾದ ಕಂಪ್ಯೂಟರಿನೊಳಗೆ ತಂತ್ರಾಂಶದ ಸಹಾಯದಿಂದ ಇನ್ನೊಂದು ಕಂಪ್ಯೂಟರ್ ಇದ್ದಂತೆ ನಡೆಸಬಹುದು. ಅದು ವರ್ಚುವಲ್ ಮಷೀನ್. ನಮ್ಮ ಗಿರಾಕಿಗೆ ಬೇಕಿದ್ದದ್ದು ಆ ಮಷೀನಿನೊಳಗೆ ಮತ್ತೊಂದು ಮಷೀನ್. ಹೊರಗಿನದು ಒಳಗಿನದನ್ನು ನಡೆಸುತ್ತದೆ, ಎರಡನ್ನೂ ಕೆಳಗಿನಿಂದ ನಮ್ಮ ತಂತ್ರಾಂಶ ನಡೆಸುತ್ತದೆ. ಪ್ರೊಸೆಸರಿನಲ್ಲಿ ಕೆಲವು ಕೌಂಟರ್‌ಗಳಿರುತ್ತವೆ. ಎಷ್ಟು ಆದೇಶಗಳು ನಡೆದವು, ಬೇಕಾದ ಮಾಹಿತಿ ಹತ್ತಿರದ ಮೆಮೊರಿಯಲ್ಲಿ ಸಿಗದೆ ಎಷ್ಟು ಸಲ ದೂರದ ಮೆಮೊರಿಗೆ ಹೋಗಬೇಕಾಯಿತು ಎಂಬುದನ್ನೆಲ್ಲ ಅವು ಎಣಿಸುತ್ತವೆ. ಪ್ರೊಸೆಸರ್ ಒಂದು, ಕೌಂಟರ್‌ಗಳು ಒಂದೇ ಜೊತೆ. ಅವನ್ನು ಬಳಸಬೇಕಾದವರು ಮೂರು ಅಂತಸ್ತಿನವರು. ಹಾಗಾಗಿ ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಒಬ್ಬರ ಎಣಿಕೆಯನ್ನು ತೆಗೆದಿಟ್ಟು ಇನ್ನೊಬ್ಬರದನ್ನು ತುಂಬಬೇಕು. ತೆಗೆದಿಡುವ, ತುಂಬುವ ಆ ಕೋಡ್ ನನ್ನದು. ಒಳಗಿನ ಮಷೀನಿನಲ್ಲಿ ಗಿರಾಕಿ ಹೇಳಿದ ಕೆಲಸ ಓಡಿಸಿ ಕೌಂಟರ್‌ಗಳು ಏನು ಹೇಳುತ್ತವೆಂದು ಹಾಳೆಗೆ ಹಾಕುವುದು ಆಕೆಯದು. ಹೀಗೆ ಒಂದು ಸಲ ಓಡಿಸಿದರೆ ಒಂದು ರನ್. ತಪ್ಪೆಂದು ಹೇಳಿದ ಮೂರು ರನ್‌ಗಳಲ್ಲಿ ದೂರದ ಮೆಮೊರಿಗೆ ಹೋದ ಎಣಿಕೆ ಉಳಿದವುಗಳ ಅರ್ಧದಷ್ಟೂ ಇರಲಿಲ್ಲ. ಎಣಿಕೆ ಕಡಿಮೆಯಾದಷ್ಟೂ ಫಲಿತಾಂಶ ಚೆನ್ನಾಗಿ ಕಾಣುತ್ತದೆ. ಆದ್ದರಿಂದಲೇ ಕೈವಾಡದ ಅನುಮಾನ ಬಂದದ್ದು.

ಇನ್ನೊಂದು ಸಂಗತಿ ಗಿರಾಕಿಗೆ ಗೊತ್ತಿರಲಿಲ್ಲ. ಸರ್ವರ್‌ಗೆ ಇಪ್ಪತ್ನಾಲ್ಕು ಗಂಟೆ ಅಡೆತಡೆಯಿಲ್ಲದ ವಿದ್ಯುತ್ ಇದೆ ಎಂಬ ಸಾಲು ಒಪ್ಪಂದದಲ್ಲಿತ್ತು. ಅದು ನಿಜವಾಗಿರಲಿಲ್ಲ. ಮುಂಗಾರಿನ ಗಾಳಿ ಎದ್ದರೆ ಎಲ್ಲೋ ಒಂದು ಕಡೆ ತಂತಿಗೆ ಕೊಂಬೆ ಬೀಳುತ್ತದೆ, ಲೈನ್ ತೆಗೆಯುತ್ತಾರೆ. ಗುಡ್ಡದ ಮೇಲಿನ ಫ್ಯಾನು ತಿರುಗಿದರೆ ಊರಿನ ಫ್ಯಾನು ನಿಲ್ಲುತ್ತವೆ ಎಂದು ಕಾಕಾ ಗಾಳಿಯಂತ್ರಗಳನ್ನು ತೋರಿಸಿ ಹೇಳುತ್ತಿದ್ದರು. ನಮ್ಮ ಇನ್ವರ್ಟರ್ ಸರ್ವರನ್ನು ನಲವತ್ತು ನಿಮಿಷ ಎಳೆಯುತ್ತಿತ್ತು. ಒಂದು ರನ್‌ಗೆ ಬೇಕಾದದ್ದು ಹನ್ನೊಂದು ಗಂಟೆ. ಪ್ರತಿ ಸಲ ಮೊದಲಿನಿಂದ ಶುರು ಮಾಡುವುದಾದರೆ ಯಾವ ರನ್ ಕೂಡ ಮುಗಿಯುತ್ತಿರಲಿಲ್ಲ. ಅದಕ್ಕೆ ನಾನು ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೆ. ಕರೆಂಟು ಹೋಗಿ ಹತ್ತು ನಿಮಿಷವಾದರೆ ಅದು ಹೊರಗಿನ ಮಷೀನನ್ನು, ಅದರೊಳಗಿನ ಮಷೀನಿನ ಸಮೇತ, ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಸೇವ್ ಮಾಡಿ ಸರ್ವರ್ ಆರಿಸುತ್ತಿತ್ತು. ಕರೆಂಟು ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಸುತ್ತಿತ್ತು. ಹಾಳೆಯಲ್ಲಿ ಬರೆಯುತ್ತಿದ್ದದ್ದು ಓಡಿದ ಸಮಯ ಮಾತ್ರ. ನಡುವೆ ನಿಂತದ್ದನ್ನೂ ಒಂದು ಕಾಲಮ್ಮಿನಲ್ಲಿ ತೋರಿಸೋಣವೇ ಎಂದು ಆಕೆ ಒಮ್ಮೆ ಕೇಳಿದ್ದಳು. ಬೇಡ ಎಂದವಳು ನಾನು.

ಗುರುವಾರದಿಂದ ಆ ಮೂರು ರನ್‌ಗಳನ್ನು ಒಂದೊಂದಾಗಿ ಮತ್ತೆ ಓಡಿಸಿದೆ. ಅದೇ ಕೆಲಸ, ಅದೇ ಸರ್ವರ್, ಅದೇ ಸೆಟ್ಟಿಂಗ್. ಮೂರೂ ಸರಿಯಾದ ಅಂಕಿ ಕೊಟ್ಟವು. ಭಾನುವಾರ ಮೊದಲನೆಯದನ್ನು ಇನ್ನೊಮ್ಮೆ ಓಡಿಸಿದೆ. ಸರಿಯಾಗಿಯೇ ಬಂತು. ಸೋಮವಾರ ಗಿರಾಕಿ ಕಡೆಯಿಂದ ಏನಾಯಿತೆಂದು ಕೇಳಿದರು. ತಪ್ಪು ಮರುಕಳಿಸಿಲ್ಲ ಎಂದು ಬರೆದೆ. ಬರೆದದ್ದು ನಿಜ. ಆಕೆಯ ಮೇಲಿನ ಅನುಮಾನಕ್ಕೆ ಅದೇ ಸಾಕ್ಷಿಯಾಯಿತು.

ಮಧ್ಯಾಹ್ನ ಆಕೆ ಫೋನ್ ಮಾಡಿದಳು. ಇದ್ದದ್ದನ್ನು ಹೇಳಿದೆ.

"ಹಂಗಾರ ನಾನ ತಿದ್ದೀನಿ ಅಂತ ಆತಲ್ರಿ," ಎಂದಳು. ದನಿ ಎತ್ತಲಿಲ್ಲ. ಹಾಗೆ ನಾನು ಬರೆದಿಲ್ಲ ಎಂದೆ. ಅವರು ಹಾಗೇ ಓದಿಕೊಳ್ಳುತ್ತಾರೆ ಎಂದಳು. ನನಗೂ ಅದು ಗೊತ್ತಿತ್ತು.

ಮಂಗಳವಾರ ಎರಡು ಸಾಧ್ಯತೆಗಳನ್ನು ಪರೀಕ್ಷಿಸಿದೆ. ಕೌಂಟರ್ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗಿರಬಹುದೇ? ನಮ್ಮ ಪ್ರೊಸೆಸರಿನ ಕೌಂಟರ್‌ಗಳು ನಲವತ್ತೆಂಟು ಬಿಟ್‌ಗಳವು; ಕೋಟಿ ಕೋಟಿ ಎಣಿಕೆ ಹಿಡಿಯುತ್ತವೆ. ಹನ್ನೊಂದು ಗಂಟೆಯಲ್ಲಿ ಈ ಎಣಿಕೆ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಎಣಿಸಬೇಕಾದವು ಹೆಚ್ಚಾಗಿ, ಕೌಂಟರ್‌ಗಳು ಕಡಿಮೆಯಾಗಿ, ಸರದಿಯಲ್ಲಿ ಎಣಿಸುವಾಗ ಅಂದಾಜು ತಪ್ಪಿರಬಹುದೇ? ಆಕೆ ಒಂದು ರನ್‌ಗೆ ಇರುವ ಕೌಂಟರ್‌ಗಳಿಗಿಂತ ಹೆಚ್ಚು ಎಣಿಕೆ ಕೇಳಿಯೇ ಇರಲಿಲ್ಲ. ಎರಡನ್ನೂ ಬದಿಗಿಟ್ಟೆ. ಸಂಜೆ ಮೇಜಿನ ಮೇಲೆ ಖಾಲಿ ಹಾಳೆ ಇತ್ತು. ಆಕೆ ತಿದ್ದಿರಬಹುದೇ ಎಂದು ನಾನೂ ಒಮ್ಮೆ ಯೋಚಿಸಿದೆ. ಅದನ್ನೂ ಇಲ್ಲಿ ದಾಖಲಿಸಬೇಕು.

ಬುಧವಾರ ಬೆಳಿಗ್ಗೆ ಕಾಕಾ ಒಂದು ನೋಟ್‌ಬುಕ್ ತಂದು ನನ್ನ ಮುಂದಿಟ್ಟರು. ಬ್ಯಾಟರಿಗೆ ನೀರು ಹಾಕಿದ ದಿನ, ಕರೆಂಟು ಹೋದದ್ದು, ಬಂದದ್ದು ಎಲ್ಲವನ್ನೂ ಅವರು ತಮ್ಮ ಕೆಲಸಕ್ಕಾಗಿ ಬರೆದಿಟ್ಟುಕೊಳ್ಳುತ್ತಿದ್ದರು. ಆ ಮೂರು ರನ್‌ಗಳ ದಿನ ಯಾವುವು ಎಂದು ಕೇಳಿದರು. ಹೇಳಿದೆ. ಬೆರಳಿಟ್ಟು ಮೂರು ಸಾಲು ತೋರಿಸಿದರು. ಮೂರೂ ದಿನ ಕರೆಂಟು ಹೋಗಿತ್ತು.

"ಈ ವಾರ ಒಮ್ಮೆನೂ ಹೋಗಿಲ್ಲವ್ವಾ. ಕರೆಂಟ್ ಇದ್ದಾಗ ಹುಡುಕಿದ್ರ ಎಲ್ಲಿ ಸಿಗತೈತಿ?"

ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ನಲವತ್ತೊಂದನ್ನೂ ಗುರುತು ಮಾಡಿದೆ. ಹತ್ತು ರನ್‌ಗಳ ನಡುವೆ ಸರ್ವರ್ ನಿಂತು ಮುಂದುವರಿದಿತ್ತು. ಅವುಗಳಲ್ಲಿ ಮೂರು ಕೆಟ್ಟಿದ್ದವು, ಏಳು ಸರಿಯಿದ್ದವು. ಕರೆಂಟು ಹೋದದ್ದೇ ಕಾರಣವಾಗಿದ್ದರೆ ಹತ್ತೂ ಕೆಡಬೇಕಿತ್ತು. ಆದರೆ ನಿಲ್ಲದೆ ಓಡಿದ ಮೂವತ್ತೊಂದರಲ್ಲಿ ಒಂದೂ ಕೆಟ್ಟಿರಲಿಲ್ಲ.

ಗಾಳಿಗಾಗಿ ಕಾಯುವಂತಿರಲಿಲ್ಲ. ಹನ್ನೊಂದು ಗಂಟೆಯ ಕೆಲಸದ ಬದಲು ಇಪ್ಪತ್ತು ನಿಮಿಷದ ಕೆಲಸವೊಂದನ್ನು ಒಳಗಿನ ಮಷೀನಿನಲ್ಲಿ, ಆಕೆ ಮಾಡುತ್ತಿದ್ದ ಹಾಗೆ, ಜೊತೆಗೆ ಬೇರೆ ಯಾವ ಕೆಲಸವೂ ಇಲ್ಲದಂತೆ ಒಂಟಿಯಾಗಿ ಓಡಿಸಿದೆ. ನಡುವೆ ಕೈಯಿಂದಲೇ ಸೇವ್ ಮಾಡಿ, ಮತ್ತೆ ಎಬ್ಬಿಸಿ, ಮುಗಿಯುವ ತನಕ ಬಿಟ್ಟೆ. ಇಪ್ಪತ್ತು ಸಲ ಮಾಡಬೇಕೆಂದುಕೊಂಡೆ. ಒಂಬತ್ತನೆಯ ಸಲ ಎಣಿಕೆ ಅರ್ಧಕ್ಕೆ ನಿಂತಿತು. ಬುಧವಾರ ಸಂಜೆಗೆ ಹದಿನಾರು ಸಲ ಆಗಿತ್ತು. ಎರಡು ಕೆಟ್ಟಿದ್ದವು.

ಗುರುವಾರ ಬೆಳಿಗ್ಗೆ, ಸೇವ್ ಆಗುವ ಕ್ಷಣದಲ್ಲಿ ಪ್ರೊಸೆಸರ್ ಯಾವ ಅಂತಸ್ತಿನಲ್ಲಿದೆ ಎಂದು ಬರೆದಿಡುವ ಸಾಲು ಸೇರಿಸಿದೆ. ಕೌಂಟರ್‌ಗಳ ಸ್ವಿಚ್ಚಿನ ಸ್ಥಿತಿಯನ್ನೂ ಸೇವ್‌ಗೆ ಮೊದಲು ಒಮ್ಮೆ, ಎಬ್ಬಿಸಿದ ಮೇಲೆ ಒಮ್ಮೆ ಬರೆಸಿದೆ. ಈ ಸ್ವಿಚ್ ಒಂದು ರಿಜಿಸ್ಟರ್, ಅಂದರೆ ಪ್ರೊಸೆಸರಿನೊಳಗಿನ ಪುಟ್ಟ ನೆನಪಿನ ಖಾನೆ. ಅದರ ಒಂದೊಂದು ಬಿಟ್ ಒಂದೊಂದು ಕೌಂಟರನ್ನು ಓಡಿಸುತ್ತದೆ ಅಥವಾ ನಿಲ್ಲಿಸುತ್ತದೆ. ಊಟದ ಹೊತ್ತಿಗೆ ಇನ್ನೆರಡು ಕೆಟ್ಟ ರನ್ ಸಿಕ್ಕವು. ಎರಡರಲ್ಲೂ ಸೇವ್ ಆದಾಗ ಪ್ರೊಸೆಸರ್ ಒಳಗಿನ ಮಷೀನಿನಲ್ಲಿತ್ತು. ಎರಡರಲ್ಲೂ ಸ್ವಿಚ್ ಮೊದಲು ಆನ್ ಇತ್ತು, ಎಬ್ಬಿಸಿದ ಮೇಲೆ ಆಫ್ ಆಗಿತ್ತು.

ನಾಲ್ಕು ಗಂಟೆಗೆ ಕೋಡಿನಲ್ಲಿ ಆ ಜಾಗ ಕಂಡಿತು. ಹೊರಗಿನ ಮಷೀನ್ ಒಳಗಿನದಕ್ಕೆ ಪ್ರೊಸೆಸರನ್ನು ಒಪ್ಪಿಸುವಾಗ ಸ್ವಿಚ್ ಹೇಗಿರಬೇಕೆಂದು ಒಂದು ದಾಖಲೆಯಲ್ಲಿ ಬರೆದುಕೊಡುತ್ತದೆ. ಒಳಹೊಕ್ಕ ಮೇಲೆ ಒಳಗಿನ ಮಷೀನ್ ತನ್ನ ಸ್ವಿಚ್ಚನ್ನು ತಾನೇ ಬದಲಾಯಿಸಬಹುದು. ಆ ಬದಲಾವಣೆ ದಾಖಲೆಗೆ ಕೂಡಲೇ ಹೋಗುವುದಿಲ್ಲ. ಮಷೀನನ್ನು ಎಬ್ಬಿಸುವಾಗ ನನ್ನ ಕೋಡ್ ಮೊದಲು ಎಲ್ಲ ರಿಜಿಸ್ಟರ್‌ಗಳನ್ನು ತುಂಬುತ್ತಿತ್ತು. ಕೌಂಟರ್‌ಗಳ ಅಂಕಿ, ಸ್ವಿಚ್, ಎರಡೂ ಸರಿಯಾಗಿ ಕೂರುತ್ತಿದ್ದವು. ಆಮೇಲೆ ಒಳಗಿನ ಮಷೀನಿನ ಸ್ಥಿತಿಯನ್ನು ಕಟ್ಟುತ್ತಿತ್ತು. ಈ ಎರಡನೆಯ ಹೆಜ್ಜೆ, ಒಳಹೋಗುವಾಗ ಬರೆದಿದ್ದ ಹಳೆಯ ದಾಖಲೆಯನ್ನು ಓದಿ ಸ್ವಿಚ್ಚನ್ನು ತಿರುಗಿಸಿಬಿಡುತ್ತಿತ್ತು. ಅಂಕಿ ಅಲ್ಲೇ ಇರುತ್ತಿತ್ತು, ಮುಂದೆ ಓಡುತ್ತಿರಲಿಲ್ಲ. ಒಂಟಿಯಾಗಿ ಓಡುವ ಕೆಲಸಕ್ಕೆ ಆ ಸ್ವಿಚ್ಚನ್ನು ಮತ್ತೆ ಮುಟ್ಟುವ ಕಾರಣವೇ ಬರುತ್ತಿರಲಿಲ್ಲ. ಉಳಿದ ಗಂಟೆಗಳ ಕೆಲಸವೆಲ್ಲ ಎಣಿಕೆಯಿಲ್ಲದೆ ನಡೆದುಹೋಗುತ್ತಿತ್ತು. ಸೇವ್ ಆಗುವಾಗ ಪ್ರೊಸೆಸರ್ ಹೊರಗಿನ ಮಷೀನಿನಲ್ಲಿದ್ದರೆ, ಅಥವಾ ದಾಖಲೆ ಆಗಷ್ಟೇ ಹೊಸದಾಗಿದ್ದರೆ, ಏನೂ ಕೆಡುತ್ತಿರಲಿಲ್ಲ. ಸರಿಯಿದ್ದ ಏಳರ ಲೆಕ್ಕವೂ ಇಲ್ಲಿಗೆ ಕೂಡಿತು.

ಆ ಎರಡು ಹೆಜ್ಜೆಗಳ ಮೇಲೆ ಒಂದು ವರ್ಷದ ಹಿಂದೆ ನಾನೇ ಬರೆದ ಟಿಪ್ಪಣಿ ಇತ್ತು: ಇವೆರಡರಲ್ಲಿ ಯಾವುದು ಮೊದಲಾದರೂ ನಡೆಯುತ್ತದೆ.

ಸರ್ವರ್‌ಗಳು ಎಂದೂ ಆರದ ಕಡೆ ಈ ತಪ್ಪು ವರ್ಷಗಟ್ಟಲೆ ಕಾಣದೆ ಇರಬಹುದಿತ್ತು. ರನ್‌ಗಳ ನಡುವೆ ಹೀಗೆ ಮಲಗಿಸಿ ಎಬ್ಬಿಸುತ್ತಿದ್ದವರು ನಾವೇ ಇರಬೇಕು. ಅದನ್ನು ಮುಚ್ಚಿಟ್ಟವರೂ ನಾವೇ.

ಕೆಳಗೆ ಹೋಗಿ ಮಾಲೀಕರಿಗೆ ಹೇಳಿದೆ. ಅವರು ಒಬ್ಬ ರೈತನಿಗೆ ಪೈಪಿನ ಅಳತೆ ತೋರಿಸುತ್ತಿದ್ದರು. ಅವನನ್ನು ಕಳಿಸಿ, ಸ್ಟೂಲ್ ಎಳೆದು ಕೂರಿಸಿ, ಪೂರ್ತಿ ಕೇಳಿದರು. ಎರಡು ಪ್ರಶ್ನೆ ಕೇಳಿದರು, ಎರಡೂ ಸರಿಯಾದ ಪ್ರಶ್ನೆಗಳೇ. ತಪ್ಪು ನಿನ್ನದೋ ಅವರದೋ ಎಂದರು. ನನ್ನದು ಎಂದೆ. ಕರೆಂಟಿನ ಮಾತು ಹೇಳದೆ ಇದನ್ನು ಹೇಳಬಹುದೋ ಎಂದರು. ಕೋಡಿನಲ್ಲಿ ತಪ್ಪಿದೆ ಎಂದಷ್ಟೇ ಹೇಳಬಹುದು; ಆಕೆಯ ಆ ಮೂರು ಅಂಕಿಗಳು ಅದರಿಂದಲೇ ಕೆಟ್ಟವು ಎನ್ನಬೇಕಾದರೆ ರನ್ ನಡುವೆ ಮಷೀನನ್ನು ಯಾಕೆ ಸೇವ್ ಮಾಡಿದಿರಿ ಎಂಬುದಕ್ಕೆ ಉತ್ತರ ಕೊಡಬೇಕು ಎಂದೆ.

"ಹಂಗಾರ ಕೋಡಿನ ತಪ್ಪು ಅಷ್ಟ ಬರಿ," ಎಂದರು. "ಕರೆಂಟಿಂದು ಬರದ್ರ ಗಿರಾಕಿ ಹೋತು. ಕಾಕಾನ ವಯಸ್ಸು ನೋಡವ್ವಾ. ಈ ವಯಸ್ಸಿಗೆ ಯಾರು ಕೆಲಸ ಕೊಡ್ತಾರ? ಆಕಿ ಸಣ್ಣಾಕಿ ಅದಾಳ, ಎಲ್ಲ್ಯಾರ ಹುಡುಕ್ಕೊಂತಾಳ."

"ತಿದ್ದಿದಾಕಿ ಅಂತ ಬರಸ್ಕೊಂಡು ಎಲ್ಲಿ ಹುಡುಕ್ತಾಳ ಅಣ್ಣಾರ?"

ಅವರು ರೈತನಿಗೆ ತೋರಿಸಿದ್ದ ಪೈಪಿನ ತುಂಡನ್ನು ಎತ್ತಿ ಅದರ ಜಾಗಕ್ಕಿಟ್ಟರು. ಆಮೇಲೆ ಹೇಳಿದರು: "ಮೊದ್ಲು ರಿಪೇರಿ ಮಾಡು. ಸರಿ ಆತು ಅಂತ ಗಟ್ಟಿ ಆಗಲಿ. ಸೋಮವಾರ ನೋಡೂಣು."

ನಾನು ಒಪ್ಪಿದೆ. ಅರ್ಧ ಸುದ್ದಿ ಕಳಿಸಬಾರದು, ತಿದ್ದುಪಡಿಯೊಂದಿಗೆ ಪೂರ್ತಿ ವರದಿ ಕಳಿಸಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಈ ಕಾರಣ ಸುಳ್ಳಲ್ಲ. ಆದರೆ ಅದು ನನಗೂ ಅನುಕೂಲವಾಗಿತ್ತು.

ಶುಕ್ರವಾರ ತಿದ್ದುಪಡಿ ಬರೆದೆ. ಕ್ರಮವನ್ನು ತಿರುವಿದೆ: ಮೊದಲು ಒಳಗಿನ ಮಷೀನಿನ ಸ್ಥಿತಿ, ಆಮೇಲೆ ಕೌಂಟರ್‌ಗಳ ಅಂಕಿ, ಎಲ್ಲಕ್ಕಿಂತ ಕೊನೆಗೆ ಸ್ವಿಚ್. ಮೆಮೊರಿಯ ಎಣಿಕೆ ಸರಿಹೋಯಿತು. ನಡೆದ ಆದೇಶಗಳ ಎಣಿಕೆ ಮಾತ್ರ ಮತ್ತೆ ನಿಂತಿತು, ಈ ಬಾರಿ ಪ್ರತಿ ಸಲವೂ. ಮಧ್ಯಾಹ್ನವೆಲ್ಲ ಅದಕ್ಕೇ ಹೋಯಿತು. ಆದೇಶಗಳನ್ನು ಎಣಿಸುವ ಕೌಂಟರಿನ ಬಿಟ್ ಆ ರಿಜಿಸ್ಟರಿನ ಮೇಲಿನ ಅರ್ಧದಲ್ಲಿದೆ. ಅವಸರದಲ್ಲಿ ನಾನು ಕೆಳಗಿನ ಮೂವತ್ತೆರಡು ಬಿಟ್‌ಗಳನ್ನಷ್ಟೇ ಬರೆದಿದ್ದೆ. ಸಂಜೆ ಐದಕ್ಕೆ ಅದನ್ನು ಸರಿಪಡಿಸಿದೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಕಚೇರಿ ತೆಗೆದು ಹನ್ನೊಂದು ಗಂಟೆಯ ಪೂರ್ತಿ ರನ್ ಹಾಕಿದೆ. ನಡುವೆ ಆರು ಸಲ, ಪ್ರೊಸೆಸರ್ ಒಳಗಿನ ಮಷೀನಿನಲ್ಲಿರುವುದನ್ನು ಖಚಿತ ಮಾಡಿಕೊಂಡು, ಸೇವ್ ಮಾಡಿ ಎಬ್ಬಿಸಿದೆ. ಕಾಕಾ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬಂದಿದ್ದರು. ಮೂರು ಗಂಟೆಗೆ ಆಕೆಯಿಂದ ಒಂದು ಮೆಸೇಜ್ ಬಂತು: ಇವತ್ತು ಪಟ್ಟಿ ಮುಗೀತದ್ರಿ ಅಕ್ಕಾರ. ಗೊತ್ತು, ಪರೀಕ್ಷೆ ನಡೆದಿದೆ ಎಂದು ಉತ್ತರ ಕೊಟ್ಟೆ. ಕಾರಣ ಸಿಕ್ಕಿದೆ ಎಂದು ಬರೆಯಲಿಲ್ಲ. ಏಳೂವರೆಯ ಹೊತ್ತಿಗೆ ಅಂಕಿಗಳು ಬಂದವು. ಎಲ್ಲವೂ ಸರಿಯಿದ್ದವು. ಗಿರಾಕಿಯ ಕಚೇರಿ ಆಗಲೇ ಮುಚ್ಚಿತ್ತು.

ಭಾನುವಾರ ಮನೆಯಲ್ಲಿ ವರದಿ ಬರೆದೆ. ಮೂರು ಪುಟ. ತಪ್ಪು ಎಲ್ಲಿದೆ, ಯಾವಾಗ ಬರುತ್ತದೆ, ನಲವತ್ತೊಂದರಲ್ಲಿ ಯಾವ ಹತ್ತು ರನ್ ನಿಂತು ಮುಂದುವರಿದವು, ಯಾವ ಮೂರು ಕೆಟ್ಟವು, ಯಾಕೆ. ಕರೆಂಟು ಹೋದ ಸಮಯಗಳನ್ನು ಕಾಕಾನ ನೋಟ್‌ಬುಕ್ಕಿನಿಂದ ಇಳಿಸಿದೆ. ನಡುವೆ ನಿಂತದ್ದನ್ನು ಹಾಳೆಯಲ್ಲಿ ತೋರಿಸುವುದು ಬೇಡವೆಂದು ಹೇಳಿದವಳು ನಾನು, ಅಳತೆ ಮಾಡಿದವರಲ್ಲ ಎಂದೂ ಬರೆದೆ. ಬರೆದು ಇಟ್ಟುಕೊಂಡೆ. ಕಳಿಸಲಿಲ್ಲ.

ಸೋಮವಾರ ಬೆಳಿಗ್ಗೆ ಅದನ್ನು ಕಾಕಾಗೆ ಓದಿ ಹೇಳಿದೆ. ಇದು ಹೋದರೆ ಕಚೇರಿ ಉಳಿಯುವುದು ಕಷ್ಟ, ಮಾಲೀಕರು ನಿಮ್ಮ ವಯಸ್ಸಿನ ಮಾತು ಎತ್ತಿದ್ದರು ಎಂದೆ. ಅವರು ಬ್ಯಾಟರಿಯ ಮುಚ್ಚಳ ತೆಗೆದು ನೀರು ನೋಡುತ್ತಿದ್ದರು. ತಲೆ ಎತ್ತಲಿಲ್ಲ.

"ನನ್ನ ವಯಸ್ಸನ್ನ ನಡುವ ತರಬ್ಯಾಡ್ರವ್ವಾ. ಬ್ಯಾಟ್ರಿಗೆ ನೀರು ಹಾಕಾವ ಎಲ್ಲ್ಯಾದ್ರೂ ಹಾಕ್ತಾನ."

ಹನ್ನೊಂದೂ ಇಪ್ಪತ್ತಕ್ಕೆ ವರದಿ ಕಳಿಸಿದೆ. ಆಮೇಲೆ ಕೆಳಗೆ ಹೋಗಿ ಮಾಲೀಕರಿಗೆ ತಿಳಿಸಿದೆ. ಅವರು ಬೈಯಲಿಲ್ಲ. ಕೇಳಬೇಕಿತ್ತು ಎಂದಷ್ಟೇ ಹೇಳಿ ಗಿರಾಕಿಯೊಬ್ಬರ ಕಡೆಗೆ ತಿರುಗಿದರು. ಆ ದಿನದಿಂದ ಕಚೇರಿ ಮುಚ್ಚುವ ತನಕ ನನ್ನೊಡನೆ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ.

ಬುಧವಾರ ಎರಡು ಉತ್ತರಗಳು ಬಂದವು. ಮೊದಲನೆಯದು ನನಗೆ. ವರದಿಯನ್ನು ಅವರ ಕಡೆಯೂ ಪರೀಕ್ಷಿಸಿ ನೋಡಿದ್ದಾರೆ, ತಿದ್ದುಪಡಿಯನ್ನು ಸ್ವೀಕರಿಸಲಾಗಿದೆ, ಅಳತೆ ಮಾಡಿದವರ ಮೇಲಿನ ಆಕ್ಷೇಪಣೆಯನ್ನು ಹಿಂತೆಗೆದು ದಾಖಲೆ ಸರಿಪಡಿಸಲಾಗಿದೆ, ನೇಮಕದ ಪಟ್ಟಿ ಶನಿವಾರವೇ ಅಂತಿಮವಾಗಿರುವುದರಿಂದ ಅದನ್ನು ಮತ್ತೆ ತೆರೆಯಲಾಗದು. ಎರಡನೆಯದು ಮಾಲೀಕರಿಗೆ. ವಿದ್ಯುತ್ತಿನ ಷರತ್ತು ಪಾಲಿಸಿಲ್ಲವಾದ್ದರಿಂದ ಮುಂದಿನ ತಿಂಗಳ ಕೊನೆಗೆ ಕೆಲಸ ನಿಲ್ಲುತ್ತದೆ.

ಶುಕ್ರವಾರ ಮೊದಲನೆಯ ಪತ್ರವನ್ನೂ ನನ್ನ ವರದಿಯನ್ನೂ ಪ್ರಿಂಟ್ ಮಾಡಿಕೊಂಡು ಹಗರಿಬೊಮ್ಮನಹಳ್ಳಿಗೆ ಹೋದೆ. ಫೋನಿನಲ್ಲಿ ಹೇಳಿಯಾಗಿತ್ತು. ಆದರೂ ಕಾಗದ ಕೈಗೆ ಕೊಡಬೇಕು ಅನ್ನಿಸಿತು. ಆಕೆಯ ಚಿಕ್ಕಮ್ಮ ಬಾಗಿಲು ತೆಗೆದು, ಚಾಪೆ ಹಾಸಿ, ಚಹಾ ಇಡಲು ಒಳಗೆ ಹೋದರು. ಆಕೆ ಎದುರಿಗೆ ಕೂತು ಮೊದಲು ಗಿರಾಕಿಯ ಪತ್ರ ಓದಿದಳು. ಆಮೇಲೆ ನನ್ನ ಮೂರು ಪುಟಗಳನ್ನು, ಅಂಕಿಗಳ ಕಾಲಮ್ಮನ್ನು ಬೆರಳಿಟ್ಟು ತಾಳೆ ನೋಡುತ್ತ, ನಿಧಾನವಾಗಿ ಓದಿದಳು. ಚಹಾ ಬಂತು. ಅದು ಆರಿತು.

"ಶನಿವಾರ ಸಂಜೆ ಮುಗಿದ ಪರೀಕ್ಷೆಗಳಿಂದ ಖಚಿತವಾಗಿದೆ ಅಂತ ಬರದೀರಿ. ಸಿಕ್ಕಿದ್ದು ಯಾವತ್ತ್ರಿ?"

"ಗುರುವಾರ," ಎಂದೆ.

"ಎಷ್ಟಕ್ಕ?"

"ನಾಕಕ್ಕ."

"ಪಟ್ಟಿ ಮುಗಿದಿದ್ದು ಶನಿವಾರ."

ಹೌದೆಂದೆ. ಪರೀಕ್ಷೆ, ತಿದ್ದುಪಡಿ, ಮೂವತ್ತೆರಡು ಬಿಟ್ಟಿನ ತಪ್ಪು, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಆಕೆ ಪೂರ್ತಿ ಕೇಳಿದಳು. ಕೇಳಿ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಕೆಟ್ಟೈತಿ ಅಂತ ಹೇಳಾಕ ರಿಪೇರಿ ಆಗೋತನ ಕಾಯಬೇಕಾತೇನ್ರಿ ಅಕ್ಕಾರ?"

ಚಿಕ್ಕಮ್ಮ ಬಂದು ಆರಿದ ಚಹಾದ ಲೋಟಗಳನ್ನು ಎತ್ತಿಕೊಂಡು ಹೋದರು.

ಆಕೆ ಕಿಟಕಿಯಲ್ಲಿದ್ದ ಪೆನ್ನು ತೆಗೆದು ವರದಿಯ ಮೂರನೆಯ ಪುಟದ ಮೇಲಿಟ್ಟು ನನ್ನ ಕಡೆಗೆ ಸರಿಸಿದಳು.

"ಗುರುವಾರ ಅಂತ ಬರೀರಿ. ಟೈಮೂ ಹಾಕ್ರಿ."

"ಈಗ ಬರದ್ರ ಏನೂ ಆಗಾಂಗಿಲ್ಲಲ್ಲವ್ವಾ."

"ಗೊತ್ತೈತ್ರಿ. ಅಂಕಿ ಸರಿ ಇರಬೇಕಷ್ಟ."

ಶನಿವಾರ ಸಂಜೆ ಎಂಬುದನ್ನು ಹೊಡೆದುಹಾಕಿದೆ. ತಪ್ಪು ಕಂಡದ್ದು ಗುರುವಾರ ಮಧ್ಯಾಹ್ನ ನಾಲ್ಕಕ್ಕೆ ಎಂದು ಬರೆದು, ಕೆಳಗೆ ಸಹಿ ಮಾಡಿದೆ. ಅವರಿಗೂ ಕಳಿಸಿ ಎಂದಳು. ಅಲ್ಲೇ ಕೂತು ಫೋನಿನಲ್ಲಿ ಗಿರಾಕಿಗೆ ಒಂದು ಸಾಲಿನ ಮೇಲ್ ಬರೆದೆ: ನನ್ನ ವರದಿಯಲ್ಲಿ ಒಂದು ತಿದ್ದುಪಡಿ ಇದೆ, ಕಾರಣ ಪತ್ತೆಯಾದದ್ದು ಪಟ್ಟಿ ಅಂತಿಮವಾಗುವುದಕ್ಕೆ ಎರಡು ದಿನ ಮೊದಲು, ಅದನ್ನು ತಡೆಹಿಡಿದವಳು ನಾನು. ಆಕೆ ಫೋನನ್ನು ಕೈಗೆ ತೆಗೆದುಕೊಂಡು ಮೇಲ್ ಹೋಗಿರುವುದನ್ನು ನೋಡಿದಳು. ನೋಡಿ ವಾಪಸ್ ಕೊಟ್ಟಳು.

"ಕೊಟ್ಟೂರು ಬಸ್ಸು ಐದೂವರಿಗೆ ಐತ್ರಿ," ಎಂದಳು. ಆಗಿನ್ನೂ ನಾಲ್ಕು ಗಂಟೆಯಾಗಿತ್ತು. ನಾನು ಚೀಲ ತೆಗೆದುಕೊಂಡು ಎದ್ದೆ.